ರಾತ್ರಿ ಬೇಲಿಯಲ್ಲಿ ಕಡ್ಡಿಹುಳು: ಹುಡುಕುವುದು, ಗುರುತಿಸುವುದು, ನಾಲ್ಕು ದಿನ ಸಾಕಿ ನೋಡುವುದು

ಒಣಕಡ್ಡಿಯಂತೆಯೇ ಕಾಣುವ ಕಡ್ಡಿಹುಳು (ಸ್ಟಿಕ್ ಇನ್ಸೆಕ್ಟ್) ನೋಡಬೇಕು ಎನ್ನುವವರು ಮೊದಲು ಹಗಲಿನ ಹುಡುಕಾಟ ಬಿಡಬೇಕು. ಹಗಲಿಡೀ ಅದು ಗಿಡದ ಮೇಲೆಯೇ ಇರುತ್ತದೆ, ನಮ್ಮ ಮೂಗಿನ ಮುಂದೆಯೇ ಇರುತ್ತದೆ, ಆದರೆ ಕಾಲು ಮೈಗಂಟಿಸಿ ಅಲುಗಾಡದೆ ಮಲಗಿರುತ್ತದೆ. ಕತ್ತಲಾದ ಮೇಲೆ ಎಲೆ ತಿನ್ನಲು ಹೊರಡುತ್ತದೆ. ಆಗ ಅದು ನಡೆಯಲೇಬೇಕು, ಬಾಯಿ ಆಡಿಸಲೇಬೇಕು. ಟಾರ್ಚ್ ಹಿಡಿದವರಿಗೆ ಸಿಗುವುದು ಆ ಹೊತ್ತಿನಲ್ಲೇ.

ಮಂಗಳೂರು, ಉಡುಪಿ ಕಡೆಯವರು ಇದಕ್ಕಾಗಿ ಘಟ್ಟ ಹತ್ತಬೇಕಿಲ್ಲ. ಪರ್ಕಳ, ಮಣಿಪಾಲ, ವಾಮಂಜೂರು, ಬಜ್ಪೆಯಂಥ ಕಡೆಗಳಲ್ಲಿ ಮನೆ ಹಿಂದೆ ಇನ್ನೂ ಉಳಿದಿರುವ ಹಾಡಿ, ಗುಡ್ಡೆಯ ಅಂಚು, ತೋಟದ ಹಸಿರು ಬೇಲಿ, ನಾಗಬನದ ಸುತ್ತಿನ ಪೊದೆಗಳಿಂದ ಶುರುಮಾಡಿ. ಬನದ ಒಳಗೆ ಕಾಲಿಡುವುದು ಬೇಡ, ಹೊರಗಿನ ಅಂಚೇ ಸಾಕು. ಕತ್ತಿ ತಾಗದ ಗಿಡ, ಗುಡಿಸದ ತರಗೆಲೆ, ನೆರಳು, ತೇವ ಇವೆಲ್ಲ ಒಟ್ಟಿಗೆ ಇರುವ ಜಾಗ ಈಗ ನಮ್ಮ ಊರುಗಳಲ್ಲಿ ಹೆಚ್ಚಾಗಿ ಬನಗಳ ಸುತ್ತಲೇ ಉಳಿದಿರುವುದು. ಹೆಬ್ರಿ, ಸೋಮೇಶ್ವರ, ಮಾಳದ ಕಡೆಯವರಿಗೆ ಕಾಡೇ ಹಿತ್ತಿಲು. ಆದರೆ ಸೋಮೇಶ್ವರ ಅಭಯಾರಣ್ಯಕ್ಕಾಗಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕಾಗಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ನುಗ್ಗಬೇಡಿ. ಅಲ್ಲಿಂದ ಒಂದು ಹುಳುವನ್ನೂ ತರಬೇಡಿ.

ಹೊರಡುವ ಮುನ್ನ

ಸಂಜೆ ಬೆಳಕಿರುವಾಗಲೇ ಒಂದು ಸುತ್ತು ಹಾಕಿ ಎಲೆ ನೋಡಿಟ್ಟುಕೊಳ್ಳಿ. ಕಡ್ಡಿಹುಳು ಎಲೆಯನ್ನು ಅಂಚಿನಿಂದ ಒಳಕ್ಕೆ ಕಚ್ಚಿ ತಿನ್ನುತ್ತದೆ, ಹಾಗಾಗಿ ಅಂಚಿನಲ್ಲಿ ಅರ್ಧವೃತ್ತದಂಥ ಕಡಿತ ಉಳಿಯುತ್ತದೆ. ಮಿಡತೆಯೂ, ಕಂಬಳಿಹುಳುವೂ ಹೀಗೆ ತಿನ್ನುವುದುಂಟು. ಕಡಿತ ಕಂಡಿತೆಂದರೆ ಕಡ್ಡಿಹುಳುವೇ ಎಂದಲ್ಲ. ಆದರೂ ರಾತ್ರಿ ಯಾವ ಗಿಡದ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕು ಎಂಬುದು ಇದರಿಂದ ಗೊತ್ತಾಗುತ್ತದೆ. ಪೇರಳೆ, ದಾಸವಾಳ, ಗುಲಾಬಿ ಗಿಡಗಳನ್ನು ಬಿಡದೆ ನೋಡಿ.

ಮೊಣಕಾಲಿನ ತನಕ ಬರುವ ಗಂಬೂಟು ಹಾಕಿ. ಕೊಳಕುಮಂಡಲ, ಕಟ್ಟುಹಾವುಗಳು ಓಡಾಡುವುದೂ ಇದೇ ಹೊತ್ತಿಗೆ. ತರಗೆಲೆಯ ಮೇಲೆ ಕಾಲಿಡುವ ಮೊದಲು ಬೆಳಕು ಬೀಳಲಿ. ಪೊದೆಯೊಳಗೆ ಬರಿಗೈ ಹಾಕಬಾರದು. ಘಟ್ಟದ ಬುಡದಲ್ಲಾದರೆ ಮಳೆಗಾಲಕ್ಕೆ ಉಂಬಳ ತಪ್ಪಿದ್ದಲ್ಲ. ಒಬ್ಬರೇ ಹೋಗಬೇಡಿ. ಮಕ್ಕಳಿದ್ದರೆ ದೊಡ್ಡವರು ಮುಂದೆ ನಡೆಯಲಿ.

ಟಾರ್ಚ್ ಎಂಥದ್ದು? ರಬ್ಬರ್ ಟ್ಯಾಪಿಂಗ್‌ನವರು ನಸುಕಿನಲ್ಲಿ ತಲೆಗೆ ಕಟ್ಟಿಕೊಳ್ಳುತ್ತಾರಲ್ಲ, ಆ ಹೆಡ್‌ಲೈಟಿನಷ್ಟು ಅನುಕೂಲದ್ದು ಇನ್ನೊಂದಿಲ್ಲ. ಎರಡೂ ಕೈ ಖಾಲಿ ಇರುತ್ತವೆ, ಬೆಳಕು ಕಣ್ಣು ಹೋದತ್ತಲೇ ಹೋಗುತ್ತದೆ.

ಬೆಳಕನ್ನು ಓರೆಯಾಗಿ ಹಾಯಿಸಿ

ಗಿಡಕ್ಕೆ ನೇರವಾಗಿ ಬೆಳಕು ಬಿಟ್ಟರೆ ಎಲ್ಲವೂ ಒಂದೇ ಬಣ್ಣವಾಗಿ ಕಾಣುತ್ತದೆ. ಪಕ್ಕದಿಂದ ಓರೆಯಾಗಿ ಬಿಡಿ. ಆಗ ಹಿಂದಿನ ಎಲೆಯ ಮೇಲೆ ನೆರಳು ಬೀಳುತ್ತದೆ, ಕಡ್ಡಿಗಿಂತ ಮೊದಲು ಆ ಉದ್ದನೆಯ ನೆರಳೇ ಕಣ್ಣಿಗೆ ಬೀಳುವುದೂ ಉಂಟು. ಅವಸರ ಮಾಡಬಾರದು. ಒಂದು ಗಿಡದ ಮುಂದೆ ನಿಂತು ತುದಿಯಿಂದ ಬುಡಕ್ಕೆ, ಆಮೇಲೆ ಎಲೆಗಳ ಅಡಿಭಾಗಕ್ಕೆ ಬೆಳಕು ತನ್ನಿ. ಹತ್ತು ಗಿಡಗಳ ಮೇಲೆ ಕಣ್ಣು ಹಾಯಿಸಿ ಬರುವುದಕ್ಕಿಂತ ಎರಡು ಗಿಡ ಸರಿಯಾಗಿ ನೋಡುವುದು ಮೇಲು.

ಹುಡುಕಬೇಕಾದದ್ದು ಕಡ್ಡಿಯನ್ನಲ್ಲ, ಕಡ್ಡಿಯಲ್ಲಿ ಇರಲಾರದ್ದನ್ನು. ನಿಜವಾದ ರೆಂಬೆಯ ಕವಲುಗಳು ಒಂದರ ಎದುರು ಒಂದು ಅಷ್ಟು ಸರಿಸಮನಾಗಿ, ಮೂರು ಜೋಡಿಯಾಗಿ ಹೊರಡುವುದಿಲ್ಲ. ಕವಲಿನ ನಡುವೆ ಮೊಣಕಾಲಿನಂತೆ ಮಡಿಕೆಯೂ ಇರುವುದಿಲ್ಲ. ಗಾಳಿ ನಿಂತಿರುವಾಗ ಒಂದೇ ಒಂದು ಕಡ್ಡಿ ಅತ್ತಿತ್ತ ತೂಗುತ್ತಿದ್ದರೆ ಅಲ್ಲೇ ನಿಂತುಬಿಡಿ. ಈ ಹುಳುಗಳಿಗೆ ಗಾಳಿಗೆ ತೂಗಿದಂತೆ ಮೈ ತೂಗಿಸುವ ಅಭ್ಯಾಸವಿದೆ. ಕಣ್ಣು ಒಮ್ಮೆ ಪಳಗಿತೆಂದರೆ ಅದೇ ಬೇಲಿಯಲ್ಲಿ ಎರಡನೆಯದು, ಮೂರನೆಯದು ಬೇಗ ಸಿಗುತ್ತವೆ.

ಅದೇ ಹೌದೋ, ಬೇರೆಯದೋ

ತೆಳ್ಳಗೆ ಉದ್ದಕ್ಕಿರುವುದೆಲ್ಲ ಕಡ್ಡಿಹುಳುವಲ್ಲ. ಹೆಚ್ಚು ಗೊಂದಲ ಮಾಡುವುದು ಮ್ಯಾಂಟಿಸ್, ಮುಂಗಾಲು ಮಡಚಿ ಕೈಮುಗಿದಂತೆ ಕೂರುವ ಬೇಟೆಗಾರ. ಅದರ ತಲೆ ತ್ರಿಕೋನ, ಕಣ್ಣು ದೊಡ್ಡದು, ತಲೆ ತಿರುಗಿಸಿ ನಿಮ್ಮನ್ನೇ ನೋಡುತ್ತದೆ. ಮುಂಗಾಲಿನಲ್ಲಿ ಮುಳ್ಳುಗಳಿರುತ್ತವೆ. ದೂರದಿಂದಲೇ ತಿಳಿಯಬೇಕಾದರೆ ಕಾಲುಗಳ ಅಂತರ ನೋಡಿ. ಮ್ಯಾಂಟಿಸ್‌ನ ಮಧ್ಯದ ಜೋಡಿಯೂ ಹಿಂದಿನ ಜೋಡಿಯೂ ಹತ್ತಿರ ಹತ್ತಿರ ಇರುತ್ತವೆ. ಕಡ್ಡಿಹುಳುವಿನ ಮೂರೂ ಜೋಡಿ ಉದ್ದ ಮೈಮೇಲೆ ದೂರ ದೂರ ಹಂಚಿಕೊಂಡಿರುತ್ತವೆ.

ಗದ್ದೆ, ಕೆರೆಯ ನೀರಿನಲ್ಲಿ ಕಡ್ಡಿಯಂತೆ ತೇಲುತ್ತ ಹಿಂದುಗಡೆ ಉದ್ದ ಕೊಳವೆ ಚಾಚಿರುವುದು ಬೇರೆಯೇ ಜೀವಿ. ಅದು ತಿಗಣೆಯ ಬಳಗದ್ದು, ಚೂಪು ಬಾಯಿಯಿಂದ ಬೇಟೆ ಹೀರುತ್ತದೆ, ಹಿಡಿದರೆ ಕೈಗೂ ಚುಚ್ಚಬಲ್ಲದು. ಇನ್ನು ರೆಂಬೆಯಿಂದ ಓರೆಯಾಗಿ ಎದ್ದು ನಿಂತ ಒಣಕಡ್ಡಿಯೊಂದು ಬೆನ್ನು ಕಮಾನು ಮಾಡಿಕೊಂಡು ನಡೆಯತೊಡಗಿದರೆ ಅದು ಪತಂಗದ ಮರಿಹುಳು.

ಕಡ್ಡಿಹುಳು ಅಪ್ಪಟ ಸಸ್ಯಾಹಾರಿ. ಮನುಷ್ಯರನ್ನು ಕಚ್ಚುವುದಿಲ್ಲ, ವಿಷವಿಲ್ಲ, ಚುಚ್ಚುವ ಕೊಂಡಿಯೂ ಇಲ್ಲ. ಅಮೆರಿಕದ ಒಂದು ಜಾತಿ ಕಣ್ಣು ಉರಿಯುವ ದ್ರವ ಸಿಡಿಸುತ್ತದೆ ಎನ್ನುವುದು ನಿಜ. ಯಾವ ಜಾತಿಯೇ ಇರಲಿ, ಮುಖದ ಹತ್ತಿರ ತರದಿರುವುದು ಒಳ್ಳೆಯ ಅಭ್ಯಾಸ.

ಮೈಯನ್ನು ತಲೆಯಿಂದ ಬಾಲದವರೆಗೆ ಓದಿ

ಕಡ್ಡಿಹುಳುಗಳಲ್ಲಿ 3,000ಕ್ಕೂ ಹೆಚ್ಚು ಜಾತಿಗಳಿವೆ. ಜಗತ್ತಿನಲ್ಲಿ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು ನಮ್ಮ ದಕ್ಷಿಣ ಭಾರತದ್ದೇ: ಕರೌಸಿಯಸ್ ಮೊರೋಸಸ್. ತಮಿಳುನಾಡಿನ ಪಳನಿ ಬೆಟ್ಟದಲ್ಲಿ, ಕೊಡೈಕೆನಾಲ್ ಪಕ್ಕದ ಶೆಂಬಗನೂರಿನಿಂದ ಯೂರೋಪಿಗೆ ಹೋದದ್ದು. 1901ರಲ್ಲಿ ಫ್ರೆಂಚ್ ಪಾದ್ರಿ ರಾಬರ್ಟ್ ದ ಸಿನೆಟಿ ಅದಕ್ಕೆ ವೈಜ್ಞಾನಿಕ ಹೆಸರಿಟ್ಟರು. ಅಲ್ಲಿಂದೀಚೆಗೆ ಯೂರೋಪಿನ ಶಾಲೆಗಳಲ್ಲಿ, ಪ್ರಯೋಗಾಲಯಗಳಲ್ಲಿ ಪೀಳಿಗೆಯಿಂದ ಪೀಳಿಗೆಗೆ ಸಾಕುತ್ತ ಬಂದಿದ್ದಾರೆ. ನಿಮ್ಮ ಬೇಲಿಯಲ್ಲಿ ಸಿಕ್ಕಿದ್ದು ಅದೇ ಜಾತಿ ಎಂದು ಹೆಸರಿಟ್ಟುಬಿಡಬೇಡಿ, ಪಶ್ಚಿಮಘಟ್ಟದಲ್ಲಿ ಬೇರೆ ಜಾತಿಗಳೂ ಇವೆ. ಆದರೆ ಅದನ್ನು ಮಾದರಿಯಾಗಿ ಇಟ್ಟುಕೊಂಡರೆ ಸಿಕ್ಕಿದ ಹುಳುವಿನ ಮೈ ಅರ್ಥವಾಗುತ್ತದೆ.

ತಲೆಯಿಂದ ಶುರುಮಾಡಿ. ಸಣ್ಣ ಕಣ್ಣುಗಳು, ಎರಡು ಮೀಸೆ. ವಿಶ್ರಾಂತಿಯಲ್ಲಿ ಮುಂಗಾಲುಗಳೆರಡನ್ನೂ ನೇರ ಮುಂದಕ್ಕೆ ಚಾಚಿರುತ್ತದೆ. ಹಾಗೆ ಚಾಚಿದಾಗ ತಲೆ ಅಡ್ಡ ಬರಬಾರದಲ್ಲ, ಅದಕ್ಕಾಗಿ ಮುಂದೊಡೆಯ ಬುಡದಲ್ಲಿ ಒಳಕ್ಕೆ ಬಾಗಿದ ತಗ್ಗಿದೆ. ತಲೆ ಸರಿಯಾಗಿ ಆ ತಗ್ಗಿನಲ್ಲಿ ಕೂರುತ್ತದೆ, ಕಾಲು ಎರಡೂ ಸೇರಿ ಕಡ್ಡಿಯ ಮುಂದುವರಿಕೆಯಾಗುತ್ತದೆ. ಹತ್ತಿರದಿಂದ ನೋಡಿದವರು ಮರೆಯಲಾರದ ಜೋಡಣೆ ಇದು.

ಎದೆಯಲ್ಲಿ ಮೂರು ಭಾಗ. ಮೊದಲನೆಯದು ಗಿಡ್ಡ, ಉಳಿದೆರಡು ಉದ್ದ. ಮೈ ಕಡ್ಡಿಯಂತಾಗಲು ಈ ಎರಡು ಭಾಗಗಳ ಉದ್ದವೇ ಮುಖ್ಯ ಕಾರಣ. ಕರೌಸಿಯಸ್ ಮೊರೋಸಸ್‌ನ ಹೆಣ್ಣು ಸುಮಾರು 8ರಿಂದ 10 ಸೆಂಟಿಮೀಟರ್, ರೆಕ್ಕೆಯಿಲ್ಲ. ಬಲಿತ ಹೆಣ್ಣಿನ ಮುಂಗಾಲಿನ ಬುಡದ ಒಳಮೈಯಲ್ಲಿ ಕೆಂಪು ಮಚ್ಚೆಯಿದೆ. ಕಾಲು ಮುಚ್ಚಿದ್ದಾಗ ಕಾಣದು. ಹೆದರಿದಾಗ ಕಾಲು ಅಗಲಿಸಿದರೆ ಕೆಂಪು ಥಟ್ಟನೆ ಕಾಣಿಸುತ್ತದೆ. ನಿಮ್ಮ ಹುಳುವಿನಲ್ಲಿ ಅಂಥದ್ದೇನಾದರೂ ಇದೆಯೇ ನೋಡಿ, ಇದ್ದರೆ ಫೋಟೋ ತೆಗೆದಿಡಿ.

ಪಾದಕ್ಕೆ ಲೆನ್ಸ್ ಹಿಡಿಯಿರಿ. ತುದಿಯಲ್ಲಿ ಎರಡು ಉಗುರು, ನಡುವೆ ಅಂಟುವ ಮೆತ್ತೆ. ಹಿಂದೆ, ಹಿಮ್ಮಡಿಯ ಜಾಗದಲ್ಲಿ, ಇನ್ನೊಂದು ಬಗೆಯ ಮೆತ್ತೆಗಳು. ತುದಿಯ ಮೆತ್ತೆ ಕಾಲನ್ನು ಎಳೆದಾಗ ಅಂಟಿಕೊಳ್ಳುತ್ತದೆ. ಹಿಂದಿನವು ಅಂಟುವುದಿಲ್ಲ, ಒತ್ತಿದಾಗ ಮಾತ್ರ ಹಿಡಿತ ಕೊಡುತ್ತವೆ. ಗಾಜಿನ ಮೇಲೆ ತಲೆಕೆಳಗಾಗಿಯೂ ನಡೆದು, ಮರುಕ್ಷಣ ಕಾಲು ಸುಲಭವಾಗಿ ಎತ್ತುವುದು ಇದರಿಂದಲೇ.

ನಡೆಯುವಾಗ ಕಾಲುಗಳ ಸರದಿ ಗಮನಿಸಿ. ಆರು ಕಾಲುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ನಿಯಂತ್ರಣವಿದೆ, ಅಕ್ಕಪಕ್ಕದ ಕಾಲುಗಳು ಒಂದಕ್ಕೊಂದು ಸೂಚನೆ ಕೊಟ್ಟುಕೊಂಡು ಸರದಿ ಹೊಂದಿಸಿಕೊಳ್ಳುತ್ತವೆ. ಜರ್ಮನಿಯ ಬೀಲೆಫೆಲ್ಡ್ ವಿಶ್ವವಿದ್ಯಾಲಯದ ಹೋಲ್ಕ್ ಕ್ರೂಜ್ ಕರೌಸಿಯಸ್‌ನ ನಡಿಗೆಯನ್ನು ದಶಕಗಳ ಕಾಲ ಅಳೆದು ಈ ನಿಯಮಗಳನ್ನು ಬರೆದರು. ಅದೇ ವಿಶ್ವವಿದ್ಯಾಲಯದಲ್ಲಿ ಹೆಕ್ಟರ್ ಎಂಬ ಆರು ಕಾಲಿನ ರೋಬೋಟ್ ಕಟ್ಟಿದ್ದೂ ಈ ಹುಳುವನ್ನು ನೋಡಿಯೇ. ಸುರತ್ಕಲ್‌ನಲ್ಲೋ ಮಣಿಪಾಲದಲ್ಲೋ ರೋಬೋಟಿಕ್ಸ್ ಓದುವ ಮಕ್ಕಳು ಒಂದು ರಾತ್ರಿ ಹಾಸ್ಟೆಲ್ ಹಿಂದಿನ ಪೊದೆ ನೋಡಿ ಬರಬೇಕೆಂದು ನನಗೆ ನಿಜವಾಗಿ ಆಸೆ.

ಒಂದು ಕಾಲು ಇಲ್ಲದ, ಅಥವಾ ಒಂದು ಕಾಲು ಮಾತ್ರ ಗಿಡ್ಡವಿರುವ ಹುಳು ಸಿಕ್ಕಿದರೆ ಅಚ್ಚರಿಪಡಬೇಡಿ. ಹಕ್ಕಿಯೋ ಜೇಡವೋ ಕಾಲು ಹಿಡಿದರೆ ಅದನ್ನು ಅಲ್ಲೇ ಬುಡದಿಂದ ಕಳಚಿ ಓಡುತ್ತದೆ. ಮರಿಯಾಗಿದ್ದರೆ ಮುಂದಿನ ಪೊರೆ ಕಳಚುವಾಗ ಹೊಸ ಕಾಲು ಬರುತ್ತದೆ, ಮೊದಲು ಗಿಡ್ಡ, ಆಮೇಲಾಮೇಲೆ ಉದ್ದ. ಬಲಿತ ಮೇಲೆ ಪೊರೆ ಬಿಡುವುದಿಲ್ಲ, ಹೋದ ಕಾಲು ಹೋದಂತೆಯೇ. ಕರೌಸಿಯಸ್‌ನ ಮೀಸೆ ತುಂಡಾದ ಜಾಗದಲ್ಲಿ ಕೆಲವೊಮ್ಮೆ ಮೀಸೆಯ ಬದಲು ಕಾಲಿನಂಥ ಅಂಗ ಬೆಳೆದದ್ದೂ ದಾಖಲಾಗಿದೆ.

ಬಣ್ಣ ನೋಡಿ ಜಾತಿ ಹೇಳಲು ಹೋಗಬೇಡಿ. ಒಂದೇ ಜಾತಿಯಲ್ಲಿ ಹಸಿರೂ ಇರುತ್ತದೆ, ಕಂದೂ ಇರುತ್ತದೆ. ಸಾಲದ್ದಕ್ಕೆ ಕರೌಸಿಯಸ್‌ನ ಕಂದು ಹುಳು ರಾತ್ರಿ ಕಪ್ಪಾಗಿ ಹಗಲು ತಿಳಿಯಾಗುತ್ತದೆ, ಚರ್ಮದ ಕೋಶದೊಳಗಿನ ಬಣ್ಣದ ಕಣಗಳು ಜಾಗ ಬದಲಿಸುವುದರಿಂದ. ಗಾಳಿಯ ತೇವ ಹೆಚ್ಚಾದರೂ ಮೈ ಗಾಢವಾಗುತ್ತದೆ. ಅಪ್ಪಟ ಹಸಿರು ಹುಳುಗಳಲ್ಲಿ ಆ ಕಂದು ಕಣಗಳಿಲ್ಲ, ಹಾಗಾಗಿ ಅವು ಹೀಗೆ ಬಣ್ಣ ಬದಲಿಸುವುದಿಲ್ಲ.

ಕೊನೆಗೆ ಹೊಟ್ಟೆಯ ತುದಿ. ಹೆಣ್ಣು ದಪ್ಪ, ಉದ್ದ. ತುದಿಯ ಅಡಿಭಾಗದಲ್ಲಿ ಮೊಟ್ಟೆ ಹೊರಬರುವಲ್ಲಿ ದೋಣಿಯಾಕಾರದ ಮುಚ್ಚಳವಿರುತ್ತದೆ. ಗಂಡು ಸಪೂರ, ಅದರ ತುದಿಯಲ್ಲಿ ಹೆಣ್ಣನ್ನು ಹಿಡಿದುಕೊಳ್ಳುವ ಕೊಂಡಿಗಳಿರುತ್ತವೆ. ಎಷ್ಟೋ ಜಾತಿಗಳಲ್ಲಿ ಗಂಡಿಗೆ ರೆಕ್ಕೆ ಇದ್ದು ಹೆಣ್ಣಿಗೆ ಇರುವುದಿಲ್ಲ. ಜಾತಿ ನಿರ್ಧರಿಸಲು ತಜ್ಞರು ಮೊದಲು ಕೇಳುವುದು ಈ ತುದಿಯ ಚಿತ್ರವನ್ನೇ.

ಮೊಟ್ಟೆ ಹುಡುಕಿ, ತರಗೆಲೆ ಉಳಿಸಿ

ಹುಳು ಸಿಕ್ಕಿದ ಗಿಡದ ಬುಡದಲ್ಲಿ ಬೆಳಿಗ್ಗೆ ಹಳೆಯ ಬಿಳಿ ಬಟ್ಟೆ ಹಾಸಿ, ಎರಡು ರಾತ್ರಿ ಬಿಡಿ. ಹಿಕ್ಕೆಯ ಜೊತೆಗೆ ಸಣ್ಣ ಬೀಜಗಳಂಥವು ಬಿದ್ದಿದ್ದರೆ ಲೆನ್ಸಿನಲ್ಲಿ ನೋಡಿ. ಒಂದು ತುದಿಯಲ್ಲಿ ದುಂಡು ಮುಚ್ಚಳವಿದ್ದರೆ ಅದು ಮೊಟ್ಟೆ. ಕರೌಸಿಯಸ್‌ನ ಮೊಟ್ಟೆ ಎರಡೂವರೆ ಮಿಲಿಮೀಟರಿನಷ್ಟು, ಕಂದು ಬಣ್ಣ, ಮುಚ್ಚಳದ ಮೇಲೆ ಹಳದಿ ಗುಬುಟು. ತಾಯಿ ಗೂಡು ಕಟ್ಟುವುದಿಲ್ಲ, ಕುಳಿತಲ್ಲಿಂದಲೇ ಒಂದೊಂದಾಗಿ ಕೆಳಗೆ ಬೀಳಿಸುತ್ತದೆ. ಬದುಕಿನಲ್ಲಿ ಒಟ್ಟು ನೂರಾರು. ಎಲ್ಲ ಜಾತಿಗಳೂ ಹೀಗಲ್ಲ, ಕೆಲವು ಮಣ್ಣಿನೊಳಗೆ ಇಡುತ್ತವೆ, ಕೆಲವು ಎಲೆಗೆ, ತೊಗಟೆಗೆ ಅಂಟಿಸುತ್ತವೆ.

ಆ ಗುಬುಟು ಸುಮ್ಮನೆ ಇರುವುದಲ್ಲ. ಕೆಲವು ಜಾತಿಗಳ ಮೊಟ್ಟೆಯನ್ನು ಇರುವೆಗಳು ಹೊತ್ತು ಗೂಡಿಗೆ ಒಯ್ಯುತ್ತವೆ, ಗುಬುಟನ್ನು ಮಾತ್ರ ತಿಂದು ಮೊಟ್ಟೆಯನ್ನು ಅಲ್ಲೇ ಬಿಡುತ್ತವೆ. ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುವ ಕಣಜಗಳಿಂದ ಹೀಗೆ ಅದಕ್ಕೆ ರಕ್ಷಣೆ ಸಿಗುತ್ತದೆ. ಕಾಡಿನ ಎಷ್ಟೋ ಗಿಡಗಳು ತಮ್ಮ ಬೀಜಕ್ಕೂ ಇಂಥದ್ದೇ ತಿನಿಸು ಅಂಟಿಸಿ ಇರುವೆಗಳಿಂದ ಹೊರಿಸುತ್ತವೆ.

ಇನ್ನೂ ದೊಡ್ಡ ಸಂಗತಿ: ಕರೌಸಿಯಸ್‌ಗೆ ಗಂಡು ಬೇಕೇ ಆಗಿಲ್ಲ. ಗಂಡಿನ ಸಂಪರ್ಕವಿಲ್ಲದೆ ಇಟ್ಟ ಮೊಟ್ಟೆಯಿಂದಲೇ ಹೆಣ್ಣುಮರಿ ಹೊರಡುತ್ತದೆ. ಗಂಡು ಕಾಣಸಿಗುವುದು ತೀರಾ ಅಪರೂಪ. ಸಾಕಿದವರ ಕೈತಪ್ಪಿ ಹೋದ ಹುಳುಗಳಿಂದ ದಕ್ಷಿಣ ಆಫ್ರಿಕದ ಕೇಪ್‌ಟೌನ್, ಅಮೆರಿಕದ ಕ್ಯಾಲಿಫೋರ್ನಿಯಗಳಲ್ಲಿ ಈ ಜಾತಿ ನೆಲೆಯೂರಿದ್ದು ಹೀಗೆ. ಒಂದೇ ಹೆಣ್ಣು ಸಾಕಾಗುತ್ತದೆ. ಆನ್‌ಲೈನ್‌ನಲ್ಲಿ ಹೊರದೇಶದ ಕಡ್ಡಿಹುಳು, ಮೊಟ್ಟೆ ಮಾರುತ್ತಾರೆ ಎಂದು ಯಾರಾದರೂ ಹೇಳಿದರೆ ಖಂಡಿತ ತರಿಸಬೇಡಿ.

ಮೊಟ್ಟೆಯೊಡೆಯಲು ತಿಂಗಳುಗಳೇ ಬೇಕು. ಅಷ್ಟೂ ದಿನ ಅದು ಇರುವುದು ತರಗೆಲೆಯ ನಡುವೆ. ನಮ್ಮಲ್ಲಿ ತರಗೆಲೆ ಗುಡಿಸಿ ಹಟ್ಟಿಗೆ ಹಾಕುವುದು, ಸುಡುಮಣ್ಣು ಮಾಡುವುದು ಹಿಂದಿನಿಂದ ಬಂದ ಬೇಸಾಯದ ಕ್ರಮ, ಅದನ್ನು ಬಿಡಿ ಎನ್ನುತ್ತಿಲ್ಲ. ಆದರೆ ಅಂಗಳದಾಚೆಗೂ ಹಿಡಿಸೂಡಿ ಹಿಡಿದು ಹೋಗಿ, ಬೇಲಿಯ ಬುಡವನ್ನೂ ಬರಿ ಮಣ್ಣು ಕಾಣುವಂತೆ ಗುಡಿಸಿ ಬೆಂಕಿ ಕೊಡುವುದು ಈಗ ಹೆಚ್ಚಾಗಿದೆ. ಆ ಬೆಂಕಿಯಲ್ಲಿ ಮುಂದಿನ ವರ್ಷದ ಅಷ್ಟೂ ಹುಳು ಹೋಗುತ್ತದೆ. ಹುಳು ಕಂಡ ಗಿಡಗಳ ಬುಡಕ್ಕೆ ಸುತ್ತ ಒಂದು ಮಾರು ಜಾಗದ ತರಗೆಲೆಯನ್ನು ಮುಟ್ಟದೆ ಬಿಟ್ಟರೆ ಸಾಕು.

ಫೋಟೋ

ನಾಲ್ಕು ಚಿತ್ರ ಸಾಕು: ಮೇಲಿನಿಂದ ಪೂರ್ತಿ ಮೈ, ಪಕ್ಕದಿಂದ ತಲೆ ಮತ್ತು ಎದೆ, ಹೊಟ್ಟೆಯ ತುದಿ ಪಕ್ಕದಿಂದ ಮತ್ತು ಅಡಿಯಿಂದ, ಕುಳಿತ ಗಿಡದ ಎಲೆ. ಅಳತೆಗೆ ಪಕ್ಕದಲ್ಲಿ ಸ್ಕೇಲ್ ಇಡಿ. ಮೊಟ್ಟೆ ಸಿಕ್ಕಿದ್ದರೆ ಅದರದ್ದೂ ಒಂದು ಇರಲಿ, ಮೊಟ್ಟೆಯ ಆಕಾರ ಜಾತಿ ಗುರುತಿಗೆ ಬಹಳ ನೆರವಾಗುತ್ತದೆ. ದಿನಾಂಕ, ಊರು, ಗಿಡದ ಹೆಸರು ಸೇರಿಸಿ ಜೀವಿಗಳ ಫೋಟೋ ಹಾಕಿ ಗುರುತು ಕೇಳುವ ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಹಾಕಿ. ತಜ್ಞರು ನೋಡಿ ಹೆಸರು ಹೇಳುವ ತನಕ ‘ಕಡ್ಡಿಹುಳು’ ಎಂದಷ್ಟೇ ಇರಲಿ.

ಮಕ್ಕಳು ಸಾಕುತ್ತೇವೆಂದು ಹಟ ಹಿಡಿದರೆ

ಸ್ವಂತ ಹಿತ್ತಿಲಿನದ್ದಾದರೆ ಒಂದನ್ನು ನಾಲ್ಕು ದಿನ ಇಟ್ಟು ನೋಡಬಹುದು. ಬೆನ್ನು ಹಿಡಿದು ಎಳೆಯಬೇಡಿ, ಕಾಲು ಕಳಚಿಹೋಗುತ್ತದೆ. ಮುಂದೆ ಒಂದು ಕಡ್ಡಿ ಹಿಡಿದು ಹಿಂದಿನಿಂದ ಮೆಲ್ಲಗೆ ಮುಟ್ಟಿದರೆ ತಾನೇ ಹತ್ತಿಕೊಳ್ಳುತ್ತದೆ.

ಪೆಟ್ಟಿಗೆಯ ಅಗಲಕ್ಕಿಂತ ಎತ್ತರ ಮುಖ್ಯ. ಪೊರೆ ಕಳಚುವಾಗ ಹುಳು ಮೇಲಿನಿಂದ ತಲೆಕೆಳಗಾಗಿ ಜೋತು, ಹಳೆಯ ಚರ್ಮದಿಂದ ಕೆಳಕ್ಕೆ ಜಾರಿ ಹೊರಬರುತ್ತದೆ. ಅದಕ್ಕೆ ತನ್ನ ಉದ್ದದ ಎರಡು ಪಟ್ಟಿಗಿಂತ ಹೆಚ್ಚು ಜಾಗ ಕೆಳಗೆ ಬೇಕು, ಮೂರು ಪಟ್ಟು ಇದ್ದರೆ ನಿಶ್ಚಿಂತೆ. ಜಾಗ ಸಾಲದಿದ್ದರೆ ಮೈ ಸೊಟ್ಟಗಾಗಿ ಹಾಗೆಯೇ ಗಟ್ಟಿಯಾಗುತ್ತದೆ. ನಾಲ್ಕು ಕೋಲು ನಿಲ್ಲಿಸಿ ಹಳೆಯ ಸೊಳ್ಳೆಪರದೆ ಸುತ್ತಿದರೂ ಆಯಿತು. ಗಾಳಿಯಾಡದ ಗಾಜಿನ ಭರಣಿ ಬೇಡವೇ ಬೇಡ, ನಮ್ಮ ಕರಾವಳಿಯ ತೇವಕ್ಕೆ ಒಳಗೆ ಬೂಸ್ಟು ಹಿಡಿಯುತ್ತದೆ.

ಆಹಾರಕ್ಕೆ ಹುಳು ಸಿಕ್ಕಿದ ಗಿಡದ್ದೇ ರೆಂಬೆ. ಸಣ್ಣ ಬಾಯಿಯ ಬಾಟಲಿಯಲ್ಲಿ ನೀರು ಹಾಕಿ ರೆಂಬೆ ನಿಲ್ಲಿಸಿ, ಬಾಯಿಗೆ ಹತ್ತಿ ತುರುಕಿ. ಇಲ್ಲದಿದ್ದರೆ ಮರಿಗಳು ಇಳಿದು ಮುಳುಗುತ್ತವೆ. ಸಂಜೆ ಎಲೆಗೆ ತೆಳುವಾಗಿ ನೀರು ಚಿಮುಕಿಸಿ, ಹನಿ ಕುಡಿಯುವುದನ್ನು ಮಕ್ಕಳು ನೋಡಲಿ. ಮಳೆಗಾಲದಲ್ಲಿ ಅದೂ ಬೇಕಾಗಲಿಕ್ಕಿಲ್ಲ. ಬೇಸಗೆಯಲ್ಲಿ ಫ್ಯಾನ್ ಕೆಳಗೆ ಇಟ್ಟರೆ ಮೈ ಒಣಗಿ ಪೊರೆ ಅಂಟಿಕೊಳ್ಳುತ್ತದೆ. ಔಷಧಿ ಸಿಂಪಡಿಸಿದ ಗಿಡದ ಎಲೆ ಹಾಕಬೇಡಿ. ಅಡಿಕೆಗೆ ಬೋರ್ಡೋ ಬಿಡುವ ಕಾಲದಲ್ಲಿ ತೋಟದೊಳಗಿನ ಗಿಡಗಳಿಗೂ ಅದು ಹಾರಿರುತ್ತದೆ. ಸೊಳ್ಳೆಬತ್ತಿಯೂ ಅದೇ ಕೋಣೆಯಲ್ಲಿ ಬೇಡ.

ಜೋತುಬಿದ್ದು ಅಲುಗಾಡದೆ ಇದ್ದರೆ ಸತ್ತಿದೆಯೆಂದು ಮುಟ್ಟಬೇಡಿ, ಪೊರೆ ಕಳಚಲು ಸಿದ್ಧವಾಗಿರಬಹುದು. ಹೊರಬಂದ ಮೈ ಮೆತ್ತಗಿರುತ್ತದೆ, ಗಟ್ಟಿಯಾಗುವ ತನಕ ತೊಂದರೆ ಕೊಡಬಾರದು. ಕಳಚಿದ ಪೊರೆಯನ್ನು ಸಾಮಾನ್ಯವಾಗಿ ತಾನೇ ತಿಂದುಬಿಡುತ್ತದೆ, ಎತ್ತಿ ಬಿಸಾಡಬೇಡಿ. ಕರೌಸಿಯಸ್ ಮರಿ ಐದಾರು ಸಲ ಹೀಗೆ ಪೊರೆ ಬಿಟ್ಟು ನಾಲ್ಕೈದು ತಿಂಗಳಲ್ಲಿ ಬಲಿಯುತ್ತದೆ, ಒಟ್ಟು ಆಯುಸ್ಸು ಸುಮಾರು ಒಂದು ವರ್ಷ. ಚಿಟ್ಟೆಯಂತೆ ಕೋಶದ ಹಂತ ಇಲ್ಲ, ಮರಿಯೂ ಹುಟ್ಟಿನಿಂದಲೇ ಕಡ್ಡಿಯ ರೂಪದಲ್ಲೇ ಇರುತ್ತದೆ.

ಮುಟ್ಟಿದಾಗ ಕಾಲು ಮುದುಡಿ ದೊಪ್ಪನೆ ಬಿದ್ದು ಬಹಳ ಹೊತ್ತು ಕಡ್ಡಿಯಂತೆ ಸೆಟೆದಿರಬಹುದು. ಆಗ ಕಾಲನ್ನು ಬೇಕಾದ ಕೋನಕ್ಕೆ ಬಾಗಿಸಿಟ್ಟರೆ ಹಾಗೆಯೇ ನಿಲ್ಲುತ್ತದೆ. ಮಕ್ಕಳಿಗೆ ಇದು ಆಟವಾಗಿಬಿಡುತ್ತದೆ. ಹುಳುವಿಗೆ ಅದು ಪ್ರಾಣಭಯ ಎಂದು ಒಮ್ಮೆ ಹೇಳಿ, ನಿಲ್ಲಿಸಿ.

ಬಿಡುವುದು ಕತ್ತಲಾದ ಮೇಲೆ, ತಂದ ಗಿಡಕ್ಕೇ. ಹಗಲು ಬಿಟ್ಟರೆ ಮಡಿವಾಳ ಹಕ್ಕಿಗೋ ಕಾಗೆಗೋ ಓತಿಗೋ ಸಿಕ್ಕಿಬಿಡುತ್ತದೆ. ರೆಂಬೆ ಸಮೇತ ಗಿಡಕ್ಕೆ ಆನಿಸಿಟ್ಟು ತಾನಾಗಿ ಹತ್ತಲು ಬಿಡಿ. ಪೆಟ್ಟಿಗೆಯ ತಳದಲ್ಲಿ ಬಿದ್ದದ್ದನ್ನು ಕಸದ ಬುಟ್ಟಿಗೆ ಸುರಿಯಬಾರದು, ಅದರಲ್ಲಿ ಮೊಟ್ಟೆಗಳಿರಬಹುದು. ಎಲ್ಲವನ್ನೂ ಅದೇ ಗಿಡದ ಬುಡದ ತರಗೆಲೆಯ ಮೇಲೆ ಉದುರಿಸಿ.